ಸಣ್ಣ ವಿಮಾನದ ಆನ್ಯುವಲ್: ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದವರಲ್ಲಿ ಹಾರಾಟ ಕಲಿತು, ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದು, ಸ್ನೇಹಿತರ ಜೊತೆ ಪಾಲು ಹಾಕಿ ಹಳೆಯ ಸೆಸ್ನಾವನ್ನೋ ಪೈಪರನ್ನೋ ಕೊಳ್ಳುವವರು ಇದ್ದಾರೆ. ಹಾರಿಸುವುದನ್ನು ಕಲಿಸೋಕೆ ಬೇಕಾದಷ್ಟು ಜನ ಸಿಗುತ್ತಾರೆ. ಕೊಂಡ ವಿಮಾನವನ್ನು ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವವರು ಕಡಿಮೆ. ವರ್ಷಕ್ಕೊಮ್ಮೆ ಬರುವ ಆನ್ಯುವಲ್ ಇನ್‌ಸ್ಪೆಕ್ಷನ್ ಬಗ್ಗೆ ಹೊಸ ಮಾಲೀಕರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಗಳು ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮಗಳ ಪ್ರಕಾರ ಇವೆ, ಒಂದೇ ಪಿಸ್ಟನ್ ಎಂಜಿನ್ ಇರುವ ಖಾಸಗಿ ವಿಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಆನ್ಯುವಲ್ ಅಂದರೆ ಕಾರಿನ ಸರ್ವಿಸ್ ಇದ್ದ ಹಾಗೇನಾ?

ಅಲ್ಲ. ಆನ್ಯುವಲ್ ಒಂದು ತಪಾಸಣೆ. ವಿಮಾನವನ್ನು ಬಿಚ್ಚಿ, ಮೂತಿಯಿಂದ ಬಾಲದವರೆಗೆ ನೋಡಿ, ಅದು ಹಾರೋಕೆ ಯೋಗ್ಯವೋ ಅಲ್ಲವೋ ಅಂತ ತೀರ್ಮಾನ ಮಾಡುವುದಷ್ಟೇ ಅದರ ಕೆಲಸ. ಆಯಿಲ್ ಬದಲಿಸುವುದು, ಸವೆದ ಬ್ರೇಕ್ ಲೈನಿಂಗ್ ಹಾಕುವುದು, ಗಟ್ಟಿಯಾದ ಹೋಸ್ ತೆಗೆದು ಹೊಸದು ಜೋಡಿಸುವುದು, ಇವೆಲ್ಲ ಮೇಂಟೆನೆನ್ಸ್. ಎರಡೂ ಅದೇ ವಾರ, ಅದೇ ಹ್ಯಾಂಗರ್‌ನಲ್ಲಿ, ಅದೇ ಕೈಗಳಿಂದ ನಡೆಯುವುದರಿಂದ ಒಂದೇ ಅನ್ನಿಸುತ್ತದೆ. ನೀವು ಮಾತ್ರ ಅವನ್ನು ಬೇರೆ ಬೇರೆಯಾಗಿಯೇ ನೋಡಿ. ಬಿಲ್ ಓದುವಾಗ, ಮೆಕ್ಯಾನಿಕ್ ಜೊತೆ ಮಾತಾಡುವಾಗ, ಅಭಿಪ್ರಾಯ ಬೇರೆಯಾದಾಗ ಇದರಿಂದ ತುಂಬಾ ಅನುಕೂಲ ಆಗುತ್ತದೆ.

ಎಷ್ಟು ದಿನಕ್ಕೆ ಒಂದು ಸಲ ಮಾಡಿಸಬೇಕು?

ಎಫ್‌ಎಎಯ 91.409 ನಿಯಮ ಹೇಳುವುದು 12 ಕ್ಯಾಲೆಂಡರ್ ತಿಂಗಳು. ಅಂದರೆ ಲೆಕ್ಕ ತಿಂಗಳ ಕೊನೆಗೆ ಹೋಗುತ್ತದೆ. 2025ರ ಮಾರ್ಚ್ 10ಕ್ಕೆ ಸಹಿ ಬಿದ್ದರೆ 2026ರ ಮಾರ್ಚ್ 31ರ ರಾತ್ರಿವರೆಗೆ ಹಾರಬಹುದು. ಹೀಗಾಗಿ ತಿಂಗಳ ಮೊದಲ ವಾರದಲ್ಲಿ ಮುಗಿಸಿದವರಿಗೆ ಮೂರು ವಾರ ಲಾಭ. ಆದರೆ ಕೊನೆಯ ವಾರಕ್ಕೆ ಹ್ಯಾಂಗರ್ ಬುಕ್ ಮಾಡಬೇಡಿ. ಒಂದು ಪಾರ್ಟ್ ಬರೋದು ತಡವಾದರೆ ತಿಂಗಳು ದಾಟಿಹೋಗುತ್ತದೆ.

ಅವಧಿ ಮುಗಿದುಹೋಯಿತು. ಪಕ್ಕದ ಏರ್‌ಪೋರ್ಟ್‌ನಲ್ಲಿ ಮೆಕ್ಯಾನಿಕ್ ಇದ್ದಾರೆ. ಹಾರಿಸಿಕೊಂಡು ಹೋಗಬಹುದಾ?

ಹಾಗೇ ಹೋಗುವಂತಿಲ್ಲ. ಹತ್ತೇ ನಿಮಿಷದ ಹಾರಾಟ ಆದರೂ ಸರಿ, ಆನ್ಯುವಲ್‌ಗೆ ರಿಯಾಯಿತಿ ದಿನಗಳು ಅಂತ ಏನೂ ಇಲ್ಲ. ಎಫ್‌ಎಎ ಹತ್ತಿರ ವಿಶೇಷ ಹಾರಾಟದ ಅನುಮತಿ ಕೇಳಬೇಕು. ಎಲ್ಲರೂ ಇದನ್ನು ಫೆರ್ರಿ ಪರ್ಮಿಟ್ ಅಂತ ಕರೆಯುತ್ತಾರೆ. ಒಬ್ಬ ಮೆಕ್ಯಾನಿಕ್ ವಿಮಾನ ನೋಡಿ, ಆ ಒಂದು ಹಾರಾಟಕ್ಕೆ ಸುರಕ್ಷಿತ ಅಂತ ಬರೆದುಕೊಡುತ್ತಾರೆ. ಹಾರಿಸೋಕೆ ಬೇಕಾದವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಹೊರಡುವ ಮೊದಲು ಇನ್ಶೂರೆನ್ಸ್‌ನವರಿಗೂ ಒಂದು ಫೋನ್ ಮಾಡಿ. ಆನ್ಯುವಲ್ ಮುಗಿದಿರುವಾಗ ಏನಾದರೂ ಆದರೆ ಪಾಲಿಸಿ ಕೈಹಿಡಿಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಯಾರು ಮಾಡಬಹುದು? ನಮ್ಮ ಏರ್‌ಪೋರ್ಟ್‌ನ ಯಾವ ಮೆಕ್ಯಾನಿಕ್ ಆದರೂ ಸಾಕಾ?

ಸಾಕಾಗುವುದಿಲ್ಲ. ವಿಮಾನದ ಮೈ ಮತ್ತು ಎಂಜಿನ್ ಎರಡರ ಕೆಲಸಕ್ಕೂ ಲೈಸೆನ್ಸ್ ಇರುವವರನ್ನು 'ಎ ಅಂಡ್ ಪಿ' ಅನ್ನುತ್ತಾರೆ. ಆ ಲೈಸೆನ್ಸ್ ಪಡೆದು ಮೂರು ವರ್ಷ ಆಗಿ, ಕಡೆಯ ಎರಡು ವರ್ಷ ಕೆಲಸದಲ್ಲಿದ್ದು, ಇನ್ನೊಂದು ಪರೀಕ್ಷೆ ಪಾಸಾದರೆ ಇನ್‌ಸ್ಪೆಕ್ಷನ್ ಆಥರೈಸೇಷನ್ ಸಿಗುತ್ತದೆ. ಅವರೇ ಐಎ. ಆನ್ಯುವಲ್‌ಗೆ ಸಹಿ ಹಾಕಬೇಕಾದವರು ಇವರು, ಇಲ್ಲವೇ ಅಧಿಕೃತ ರಿಪೇರಿ ಸ್ಟೇಷನ್. ಐಎ ಅಧಿಕಾರ ಪ್ರತಿ ಬೆಸ ಸಂಖ್ಯೆಯ ವರ್ಷದ ಮಾರ್ಚ್ 31ಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಬೇಕು.

ಇನ್ನೊಂದು ಮಾತು. ಪ್ಯಾನಲ್ ಬಿಚ್ಚುವುದು, ತೊಳೆಯುವುದು, ಗ್ರೀಸ್ ಹಚ್ಚುವುದು ಬೇರೆಯವರು ಮಾಡಬಹುದು. ನೋಡುವ ಕೆಲಸವನ್ನು ಮಾತ್ರ ಐಎ ತಾವೇ ಮಾಡಬೇಕು. ಹುಡುಗರ ಕೈಲಿ ನೋಡಿಸಿ ಸಹಿ ಹಾಕುವ ಹಾಗಿಲ್ಲ. ಹೊಸ ಅಂಗಡಿಗೆ ವಿಮಾನ ಕೊಡುವ ಮೊದಲು 'ರೆಕ್ಕೆಯೊಳಗೆ ಟಾರ್ಚ್ ಹಿಡಿದು ನೋಡುವವರು ಯಾರು?' ಅಂತ ಕೇಳಿ. ನೇರವಾಗಿ ಉತ್ತರ ಕೊಡುವವರ ಹತ್ತಿರ ಹೋಗಿ.

100 ಗಂಟೆ ಇನ್‌ಸ್ಪೆಕ್ಷನ್ ನನಗೂ ಬೇಕಾ?

ನಿಮ್ಮ ವಿಮಾನವನ್ನು ನೀವೇ ಹಾರಿಸುತ್ತಿದ್ದರೆ ಬೇಡ. ಹಣ ಪಡೆದು ಜನರನ್ನು ಕರೆದೊಯ್ದರೆ, ಅಥವಾ ಹಣ ಪಡೆದು ಕಲಿಸುವವರು ವಿಮಾನವನ್ನೂ ತಾವೇ ಒದಗಿಸಿದರೆ ಬೇಕು. ನೋಡುವ ಪಟ್ಟಿ ಎರಡಕ್ಕೂ ಒಂದೇ. ಆದರೆ 100 ಗಂಟೆಯದಕ್ಕೆ ಐಎ ಅಲ್ಲದ ಎ ಅಂಡ್ ಪಿ ಕೂಡ ಸಹಿ ಹಾಕಬಹುದು. ಆನ್ಯುವಲ್ ಆದರೆ ಅದು 100 ಗಂಟೆಯದೂ ಆದ ಹಾಗೆ. ಉಲ್ಟಾ ಲೆಕ್ಕ ನಡೆಯುವುದಿಲ್ಲ.

ಐಎ ಸಹಿ ಹಾಕಿದ ಮೇಲೆ ವರ್ಷಪೂರ್ತಿ ಜವಾಬ್ದಾರಿ ಅವರದೇ ಅಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಅವರ ಸಹಿ ಹೇಳುವುದು ಇಷ್ಟೇ: ಇಂಥ ದಿನ, ಇಷ್ಟು ಗಂಟೆ ಓಡಿದ್ದಾಗ, ನಾನು ನೋಡಿದೆ, ವಿಮಾನ ಯೋಗ್ಯವಾಗಿತ್ತು. ಮರುದಿನ ಬೆಳಗ್ಗೆ ಎಗ್ಸಾಸ್ಟ್ ಪೈಪ್ ಬಿರುಕು ಬಿಟ್ಟರೆ ಅದು ಆ ಸಹಿಯೊಳಗೆ ಬರುವುದಿಲ್ಲ. 91.403 ನಿಯಮದ ಪ್ರಕಾರ ವಿಮಾನವನ್ನು ಹಾರಲು ಯೋಗ್ಯ ಸ್ಥಿತಿಯಲ್ಲಿ ಇಡುವ ಮೊದಲ ಹೊಣೆ ಮಾಲೀಕರದ್ದು ಅಥವಾ ಅದನ್ನು ನಡೆಸುವವರದ್ದು. ಯಾವ ಎಡಿ (ಎಫ್‌ಎಎಯ ಸುರಕ್ಷತಾ ಆದೇಶ) ಬಾಕಿ ಇದೆ, ಅಪಘಾತವಾದರೆ ಸಂಕೇತ ಕಳಿಸುವ ಇಎಲ್‌ಟಿಯ ಬ್ಯಾಟರಿ ಯಾವಾಗ ಮುಗಿಯುತ್ತದೆ, ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ ಬಿಚ್ಚಿ ಎಷ್ಟು ಗಂಟೆ ಆಯಿತು, ಇವೆಲ್ಲ ನಿಮಗೆ ಗೊತ್ತಿರಬೇಕು. ಪಾಲುದಾರರು ನಾಲ್ಕು ಜನ ಇದ್ದರೆ ಒಬ್ಬರು ಈ ಕೆಲಸವನ್ನು ವಹಿಸಿಕೊಳ್ಳಿ. 'ಎಲ್ಲರೂ ನೋಡ್ಕೊಳ್ಳೋಣ' ಅಂದ ಕಡೆ ಯಾರೂ ನೋಡಿಕೊಳ್ಳುವುದಿಲ್ಲ.

ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ವಿಮಾನವನ್ನು ವಾರಕ್ಕೊಮ್ಮೆ ಮುಟ್ಟಿ ನೋಡುವವರು ನೀವು. ಐಎ ನೋಡುವುದು ವರ್ಷಕ್ಕೆ ಒಂದು ಸಲ. ನೆಲದ ಮೇಲೆ ಹೊಸದಾಗಿ ಬಿದ್ದ ಆಯಿಲ್ ಹನಿ ಮೊದಲು ಕಾಣುವುದು ನಿಮ್ಮ ಕಣ್ಣಿಗೇ.

ಅಷ್ಟು ದಿನ ಏನೇನು ನೋಡುತ್ತಾರೆ?

ಕನಿಷ್ಠ ಪಟ್ಟಿ ಎಫ್‌ಎಎ ನಿಯಮಗಳ ಭಾಗ 43ರ ಅನುಬಂಧ ಡಿಯಲ್ಲಿದೆ. ಐಎ ಚೆಕ್‌ಲಿಸ್ಟ್ ಹಿಡಿದೇ ಕೆಲಸ ಮಾಡಬೇಕು ಅಂತ ನಿಯಮವೇ ಇದೆ, ಬಾಯಿಪಾಠದ ಮೇಲೆ ನಡೆಯುವಂತಿಲ್ಲ. ವಿಮಾನ ತಯಾರಿಸಿದವರ ಮೇಂಟೆನೆನ್ಸ್ ಮ್ಯಾನ್ಯುಯಲ್‌ನಲ್ಲಿರುವ ಪಟ್ಟಿ ಇನ್ನೂ ವಿವರವಾಗಿರುತ್ತದೆ.

ಮೊದಲು ಎಂಜಿನ್ ಓಡಿಸುತ್ತಾರೆ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ, ಐಡಲ್‌ನಲ್ಲಿ ಎಷ್ಟು, ಎರಡು ಮ್ಯಾಗ್ನೆಟೋಗಳ ಮಧ್ಯೆ ವ್ಯತ್ಯಾಸ ಎಷ್ಟು, ಆಯಿಲ್ ಮತ್ತು ಫ್ಯುಯಲ್ ಪ್ರೆಷರ್ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಎಂಜಿನ್ ಮೇಲಿನ ಮುಚ್ಚಳವಾದ ಕೌಲಿಂಗ್ ತೆಗೆದು, ಸೀಟು ಹೊರಗಿಟ್ಟು, ರೆಕ್ಕೆ ಮತ್ತು ಹೊಟ್ಟೆಯ ಕೆಳಗಿನ ಇನ್‌ಸ್ಪೆಕ್ಷನ್ ಪ್ಲೇಟುಗಳನ್ನೆಲ್ಲ ಬಿಚ್ಚುತ್ತಾರೆ. ಸ್ಕ್ರೂಗಳನ್ನು ಯಾವ ತಟ್ಟೆಗೆ ಹಾಕುತ್ತಾರೆ ಅನ್ನುವುದನ್ನು ಗಮನಿಸಿ. ಒಳ್ಳೆಯ ಅಂಗಡಿಯಲ್ಲಿ ಪ್ರತಿ ಪ್ಲೇಟಿನ ಸ್ಕ್ರೂ ಅದರ ಹೆಸರು ಬರೆದ ಡಬ್ಬಿಯಲ್ಲೇ ಇರುತ್ತದೆ.

ಒಳಗೆ ನೋಡುವುದು ತುಕ್ಕು, ಬಿರುಕು, ಸಡಿಲ ರಿವೆಟ್, ಸವೆದ ಕೇಬಲ್. ಕಂಟ್ರೋಲ್ ಕೇಬಲ್ ನೋಡುವ ಹಳೆಯ ವಿಧಾನ ನನಗೆ ತುಂಬಾ ಇಷ್ಟ. ಒಂದು ಬಟ್ಟೆಯನ್ನು ಕೇಬಲ್‌ಗೆ ಸುತ್ತಿ ಮೆಲ್ಲಗೆ ಎಳೆಯುತ್ತಾ ಹೋಗುತ್ತಾರೆ. ಪುಲ್ಲಿ ಮೇಲೆ ಹಾಯುವ ಜಾಗದಲ್ಲಿ ಒಂದೇ ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದು ಹೀಗೆ ಸಿಗುತ್ತದೆ. ಬರಿಗೈಯಲ್ಲಿ ಮಾತ್ರ ಸವರಬೇಡಿ, ತುಂಡಾದ ಎಳೆ ಬೆರಳನ್ನು ಸೀಳುತ್ತದೆ.

ನೀವು ವಿಶೇಷವಾಗಿ ಕೇಳಿ ನೋಡಿಸಬೇಕಾದದ್ದು ಮಫ್ಲರ್. ಕ್ಯಾಬಿನ್ ಹೀಟರ್‌ಗೆ ಬಿಸಿ ಗಾಳಿ ಬರುವುದು ಮಫ್ಲರ್ ಸುತ್ತ ಇರುವ ತಗಡಿನ ಕವಚದಿಂದ. ಮಫ್ಲರ್‌ನಲ್ಲಿ ಬಿರುಕು ಇದ್ದರೆ ಕಾರ್ಬನ್ ಮೊನಾಕ್ಸೈಡ್ ನೇರವಾಗಿ ಕ್ಯಾಬಿನ್‌ಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿಗಾಲದಲ್ಲಿ ಪೈಲಟ್‌ಗಳು ಇದರಿಂದ ಸತ್ತಿದ್ದಾರೆ. ಕವಚ ತೆಗೆಯದೆ ಬಿರುಕು ಕಾಣುವುದಿಲ್ಲ, ಹಾಗಾಗಿ ಕವಚ ತೆಗೆದೇ ನೋಡಬೇಕು. ಜೊತೆಗೆ ಬ್ಯಾಟರಿಯಿಂದ ನಡೆಯುವ, ಸದ್ದು ಮಾಡಿ ಎಚ್ಚರಿಸುವ ಸಿಒ ಡಿಟೆಕ್ಟರ್ ಒಂದನ್ನು ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳಿ.

ಹೊರಗಡೆ ನಿಲ್ಲುವ ವಿಮಾನಗಳಲ್ಲಿ ಜೀವಿಗಳೂ ಸಿಗುತ್ತವೆ. ಕಣಜಗಳು ಫ್ಯುಯಲ್ ವೆಂಟ್ ಮತ್ತು ವೇಗ ಅಳೆಯುವ ಪಿಟೋ ಟ್ಯೂಬ್ ಒಳಗೆ ಮಣ್ಣಿನ ಗೂಡು ಕಟ್ಟುತ್ತವೆ. ಇಲಿ ಹೊಕ್ಕಿದ್ದರೆ ಗೂಡು ತೆಗೆದು ಎಸೆದರೆ ಸಾಲದು. ಇಲಿ ಮೂತ್ರ ಅಲ್ಯೂಮಿನಿಯಂ ತಗಡನ್ನು ತಿಂದುಹಾಕುತ್ತದೆ. ನಮ್ಮ ಹ್ಯಾಂಗರ್‌ನ ಒಂದು ವಿಮಾನದಲ್ಲಿ ಬಾಲದ ಪ್ಲೇಟ್ ತೆಗೆದಾಗ ಹಿಡಿ ತುಂಬ ಸೀಟಿನ ಸ್ಪಂಜು ಬಂತು. ಅದರ ಅಡಿಯಲ್ಲಿ ತಗಡಿನ ಮೇಲೆ ಬಿಳಿ ಪುಡಿ, ಪುಡಿಯ ಕೆಳಗೆ ಸಣ್ಣ ಸಣ್ಣ ಗುಳಿಗಳು. ಅಲ್ಲಿ ತೊಳೆದು, ಉಜ್ಜಿ, ಪ್ರೈಮರ್ ಹಚ್ಚಲೇಬೇಕಾಯಿತು.

'ಕಂಪ್ರೆಷನ್ 72/80' ಅಂತ ಬರೆದಿದ್ದಾರೆ. ಏನರ್ಥ?

ಎಂಜಿನ್ ಬೆಚ್ಚಗಿರುವಾಗ ಒಂದು ಸಿಲಿಂಡರ್‌ನ ಪಿಸ್ಟನ್ ತುದಿಗೆ ತಂದು, ಸ್ಪಾರ್ಕ್ ಪ್ಲಗ್ ತೂತಿನಿಂದ 80 ಪಿಎಸ್‌ಐ ಒತ್ತಡದ ಗಾಳಿ ಬಿಡುತ್ತಾರೆ. ಸಿಲಿಂಡರ್ ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ಎರಡನೇ ಗೇಜ್ ತೋರಿಸುತ್ತದೆ. 72 ನಿಂತರೆ 72/80. ಈ ಹೊತ್ತಿನಲ್ಲಿ ಒಬ್ಬರು ಪ್ರೊಪೆಲರನ್ನು ಗಟ್ಟಿಯಾಗಿ ಹಿಡಿದಿರುತ್ತಾರೆ. ಗಾಳಿಯ ಒತ್ತಡಕ್ಕೆ ಅದು ಥಟ್ಟನೆ ತಿರುಗಿ ಕೈ ಮುರಿಯಬಹುದು. ನೋಡೋಕೆ ಹೋದರೆ ಪ್ರೊಪೆಲರ್ ಸುತ್ತುವ ಜಾಗದಿಂದ ದೂರ ನಿಲ್ಲಿ.

ಅಂಕಿಗಿಂತ ಮುಖ್ಯ, ಹೋದ 8 ಪಿಎಸ್‌ಐ ಎಲ್ಲಿಂದ ಹೋಯಿತು ಅನ್ನುವುದು. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ಎಗ್ಸಾಸ್ಟ್ ಪೈಪ್‌ನಿಂದ ಸುಯ್ ಅಂದರೆ ಎಗ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಗಾಳಿ ಒಳಬರುವ ಕಡೆಯಿಂದ ಕೇಳಿಸಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಕಡೆಯಿಂದ ಬಂದರೆ ಪಿಸ್ಟನ್ ರಿಂಗ್‌ಗಳ ಪಕ್ಕದಲ್ಲಿ ಸೋರುತ್ತಿದೆ. ರಿಂಗ್ ಸೋರಿಕೆ ಸ್ವಲ್ಪ ಇದ್ದರೆ ಕಾಯಬಹುದು. ಎಗ್ಸಾಸ್ಟ್ ವಾಲ್ವ್ ಸೋರಿಕೆಯನ್ನು ಬಿಡಬೇಡಿ. ಸುಟ್ಟ ವಾಲ್ವ್ ಮುರಿದರೆ ಆ ಸಿಲಿಂಡರ್ ಹಾರಾಟದ ಮಧ್ಯೆಯೇ ಕೈಕೊಡುತ್ತದೆ.

ಒಂದೇ ಒಂದು ಕಡಿಮೆ ಅಂಕಿ ನೋಡಿ ಸಿಲಿಂಡರ್ ಕಳಚೋಕೆ ಒಪ್ಪಬೇಡಿ. ಅರ್ಧ ಗಂಟೆ ಹಾರಿ ಬಂದು ಮತ್ತೆ ಅಳೆದರೆ ಎಷ್ಟೋ ಸಲ ಅಂಕಿ ಮೇಲೇರುತ್ತದೆ. ಬೋರ್‌ಸ್ಕೋಪ್ (ಸಿಲಿಂಡರ್ ಒಳಗೆ ತೂರುವ ತೆಳು ಕ್ಯಾಮೆರಾ) ಹಾಕಿ ವಾಲ್ವ್ ಫೋಟೋ ತೆಗೆಯೋಕೆ ಹೇಳಿ. ಆರೋಗ್ಯವಾಗಿರುವ ಎಗ್ಸಾಸ್ಟ್ ವಾಲ್ವ್ ಮೇಲೆ ಬಣ್ಣ ವೃತ್ತಾಕಾರವಾಗಿ, ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ಒಂದು ಅಂಚು ಮಾತ್ರ ಬೇರೆ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಜಾಸ್ತಿ ಕಾಯುತ್ತಿದೆ ಅಂತ ಅರ್ಥ. ಈ ಫೋಟೋಗಳನ್ನು ಪ್ರತಿ ವರ್ಷ ಉಳಿಸಿಕೊಳ್ಳಿ. ಹೋದ ವರ್ಷದ ಫೋಟೋ ಪಕ್ಕದಲ್ಲಿಟ್ಟು ನೋಡಿದಾಗ ಏನು ಬದಲಾಗಿದೆ ಅಂತ ನಿಮಗೇ ಕಾಣುತ್ತದೆ.

ಎಡಿ ಅಂತ ಹೇಳ್ತಾರಲ್ಲ, ಅದೇನು?

ಏರ್‌ವರ್ದಿನೆಸ್ ಡೈರೆಕ್ಟಿವ್. ಒಂದು ಮಾದರಿಯ ವಿಮಾನದಲ್ಲಿ, ಎಂಜಿನ್‌ನಲ್ಲಿ ಅಥವಾ ಒಂದು ಭಾಗದಲ್ಲಿ ಅಪಾಯ ಇದೆ ಅಂತ ಗೊತ್ತಾದರೆ ಎಫ್‌ಎಎ ಹೊರಡಿಸುವ ಆದೇಶ. ಇದು ಕಾನೂನು, ಪಾಲಿಸಲೇಬೇಕು. ಕೆಲವು ಒಂದೇ ಸಲ ಮಾಡಿ ಮುಗಿಸುವಂಥವು. ಕೆಲವು ಇಷ್ಟು ಗಂಟೆಗೊಮ್ಮೆ ಅಥವಾ ಇಷ್ಟು ತಿಂಗಳಿಗೊಮ್ಮೆ ಮತ್ತೆ ಮತ್ತೆ ಮಾಡಬೇಕಾದವು.

ಸೆಸ್ನಾ 172 ಇರುವವರಿಗೆಲ್ಲ ಪರಿಚಯ ಇರುವುದು ಸೀಟು ಕಂಬಿಯ ಎಡಿ, 2011-10-09. ಸೀಟು ಮುಂದಕ್ಕೆ ಹಿಂದಕ್ಕೆ ಜಾರುವ ಕಂಬಿಯಲ್ಲಿ ತೂತುಗಳಿವೆ, ಅದರಲ್ಲಿ ಪಿನ್ ಕೂತು ಸೀಟನ್ನು ಹಿಡಿಯುತ್ತದೆ. ವರ್ಷಗಟ್ಟಲೆ ಬಳಸಿ ದುಂಡಗಿದ್ದ ತೂತು ಉದ್ದಕ್ಕೆ ಸವೆಯುತ್ತದೆ. ಟೇಕಾಫ್‌ನಲ್ಲಿ ಮೂತಿ ಮೇಲೆತ್ತಿದ ಕೂಡಲೇ ಪಿನ್ ಜಾರಿ ಸೀಟು ಹಿಂದಕ್ಕೆ ಓಡುತ್ತದೆ. ಗಾಬರಿಯಲ್ಲಿ ಪೈಲಟ್ ಕೈಗೆ ಸಿಕ್ಕ ಯೋಕನ್ನೇ (ವಿಮಾನದ ಸ್ಟಿಯರಿಂಗ್) ಎಳೆಯುತ್ತಾರೆ, ಮೂತಿ ಇನ್ನೂ ಏರುತ್ತದೆ, ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಹೀಗೆ ಜೀವಗಳು ಹೋಗಿವೆ. ಅದಕ್ಕೇ 100 ಗಂಟೆ ಅಥವಾ 12 ತಿಂಗಳು, ಯಾವುದು ಮೊದಲು ಬರುತ್ತದೋ ಆಗ ಕಂಬಿಯನ್ನು ಅಳತೆ ಮಾಡಿ ನೋಡಬೇಕು.

ಪೈಪರ್ ಪಿಎ-28 ಇರುವವರು 2018ರ ಏಪ್ರಿಲ್ 4 ನೆನಪಿಡಬೇಕು. ಫ್ಲಾರಿಡಾದ ಡೇಟೋನಾ ಬೀಚ್ ಹತ್ತಿರ ಪಿಎ-28ಆರ್ ವಿಮಾನದ ಎಡರೆಕ್ಕೆ ಹಾರಾಟದಲ್ಲೇ ಕಳಚಿಬಿತ್ತು. ಪೈಲಟ್ ಪರೀಕ್ಷೆ ತೆಗೆದುಕೊಳ್ಳುತ್ತಿದ್ದವರು, ಪರೀಕ್ಷಕರು ಇಬ್ಬರೂ ತೀರಿಕೊಂಡರು. ರೆಕ್ಕೆಯ ಭಾರ ಹೊರುವ ತೊಲೆಯಾದ ಮುಖ್ಯ ಸ್ಪಾರ್‌ನ ಕೆಳಭಾಗದಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಅದರಿಂದ ಬಂದದ್ದು ಎಡಿ 2020-26-16. ಬೋಲ್ಟ್ ತೂತುಗಳ ಒಳಗೆ ಎಡ್ಡಿ ಕರೆಂಟ್ ಉಪಕರಣ ಹಾಕಿ ಬಿರುಕು ಹುಡುಕಬೇಕು. ಯಾವ ವಿಮಾನಕ್ಕೆ ಯಾವಾಗ ಅನ್ನುವ ಲೆಕ್ಕ ನಿಂತಿರುವುದು ಲಾಗ್‌ಬುಕ್ ಮೇಲೆ. ಆ ವಿಮಾನಕ್ಕೆ ಇದುವರೆಗೆ ಎಷ್ಟು 100 ಗಂಟೆ ತಪಾಸಣೆ ಆಗಿದೆ ಅಂತ ಎಣಿಸಿ, ಅದರಿಂದ ತರಬೇತಿಯಲ್ಲಿ ಎಷ್ಟು ಏಟು ತಿಂದಿದೆ ಅಂತ ಅಂದಾಜು ಮಾಡುತ್ತಾರೆ. ಹಳೆಯ ಲಾಗ್‌ಬುಕ್ ಕಳೆದುಕೊಂಡವರಿಗೆ ಈ ಲೆಕ್ಕವೇ ಕಷ್ಟ.

ಸರ್ವಿಸ್ ಬುಲೆಟಿನ್ ಬಂದರೆ? ಎಂಜಿನ್‌ಗೆ 2000 ಗಂಟೆ ಆದರೆ?

ಸರ್ವಿಸ್ ಬುಲೆಟಿನ್ ಅಂದರೆ ತಯಾರಕರು ಕಳಿಸುವ ಸೂಚನೆ. ಅದರ ಮೇಲೆ ಅವರು 'ಕಡ್ಡಾಯ' ಅಂತ ಬರೆದಿದ್ದರೂ ಖಾಸಗಿ ಬಳಕೆಯ ವಿಮಾನಕ್ಕೆ ಅದು ಕಾನೂನಿನ ಕಡ್ಡಾಯ ಅಲ್ಲ, ಎಡಿ ಬಂದರೆ ಮಾತ್ರ. ಓವರ್‌ಹಾಲ್, ಅಂದರೆ ಎಂಜಿನನ್ನು ಪೂರ್ತಿ ಬಿಚ್ಚಿ ಸರಿಮಾಡುವ ಅವಧಿಯೂ ಹಾಗೇ. ಎಷ್ಟೋ ಲೈಕಮಿಂಗ್ ಎಂಜಿನ್‌ಗಳಿಗೆ ಕಂಪನಿ ಹೇಳುವುದು 2000 ಗಂಟೆ ಅಥವಾ 12 ವರ್ಷ. ಆಯಿಲ್ ಫಿಲ್ಟರ್ ಶುದ್ಧ, ವಾಲ್ವ್ ಚೆನ್ನಾಗಿದೆ, ಆಯಿಲ್ ಖರ್ಚು ಏರಿಲ್ಲ ಅಂದರೆ ಮುಂದುವರಿಸಬಹುದು. ಆದರೆ ಪ್ರತಿ ಬುಲೆಟಿನ್ ಓದಿ. ಅದು ಯಾಕೆ ಬಂತು ಅಂತ ತಿಳಿದ ಮೇಲೆ ಬೇಡ ಅನ್ನಿ, ಓದದೆ ಬೇಡ ಅನ್ನಬೇಡಿ.

ಐಎ ಸಹಿ ಹಾಕೋಲ್ಲ ಅಂದರೆ ವಿಮಾನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾ?

ಇಲ್ಲ. ಇದು ಬಹಳ ಮಾಲೀಕರಿಗೆ ಗೊತ್ತಿಲ್ಲ. ತಪಾಸಣೆ ಮುಗಿದು, ವಿಮಾನ ಯೋಗ್ಯವಲ್ಲ ಅಂತ ಐಎಗೆ ಅನ್ನಿಸಿದರೆ, ಆನ್ಯುವಲ್ ಆಯಿತು, ದೋಷಗಳ ಪಟ್ಟಿಯನ್ನು ಮಾಲೀಕರಿಗೆ ಕೊಟ್ಟಿದ್ದೇನೆ ಅಂತ ಲಾಗ್‌ಬುಕ್‌ನಲ್ಲಿ ಬರೆಯುತ್ತಾರೆ. ಸಹಿ ಮಾಡಿದ, ತಾರೀಕು ಹಾಕಿದ ಪಟ್ಟಿ ನಿಮ್ಮ ಕೈಗೆ ಬರುತ್ತದೆ. ಆ ದೋಷಗಳನ್ನು ಬೇರೆ ಎ ಅಂಡ್ ಪಿ ಸರಿಮಾಡಿ ಸಹಿ ಹಾಕಬಹುದು. ಮತ್ತೊಂದು ಆನ್ಯುವಲ್ ಬೇಕಿಲ್ಲ. ರಿಪೇರಿಗೆ ಬೇರೆ ಊರಿಗೆ ಹಾರಬೇಕಾದರೆ ಫೆರ್ರಿ ಪರ್ಮಿಟ್ ಬೇಕು, ಅಷ್ಟೇ.

ಈ ದಾರಿ ಇದೆ ಅಂತ ತಿಳಿದಿದ್ದರೆ ಮಾತುಕತೆ ಸಮಾಧಾನವಾಗಿ ನಡೆಯುತ್ತದೆ. ಕೆಲಸ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ: ಮೊದಲು ತಪಾಸಣೆ ಪೂರ್ತಿ, ಆಮೇಲೆ ದೋಷಗಳ ಪಟ್ಟಿ ಮತ್ತು ಅಂದಾಜು ಖರ್ಚು, ನಾನು ಒಪ್ಪಿದ ಮೇಲೆ ರಿಪೇರಿ. ಒಳ್ಳೆಯ ಮೆಕ್ಯಾನಿಕ್‌ಗಳು ಇದನ್ನು ತಪ್ಪು ತಿಳಿಯುವುದಿಲ್ಲ. ಅವರಿಗೂ ಇದೇ ಅನುಕೂಲ.

ಹಾಗಂತ ಸಹಿ ಹಾಕೋಲ್ಲ ಅಂದವರ ಮೇಲೆ ಸಿಟ್ಟಾಗಬೇಡಿ. ಬೇಡ ಅನ್ನೋಕೆ ಧೈರ್ಯ ಇರುವ ಐಎ ಸಿಕ್ಕಿದ್ದರೆ ಅದು ನಿಮ್ಮ ಪುಣ್ಯ. ಗಂಟೆಯೊಳಗೆ ನೋಡಿ ಸಹಿ ಹಾಕಿಕೊಡುವವರೂ ಇದ್ದಾರೆ ಅಂತ ಕೇಳಿಬರುತ್ತದೆ. ಅಂಥ ಸಹಿ ನಂಬಿ ಮಕ್ಕಳನ್ನು ಹಿಂದಿನ ಸೀಟಲ್ಲಿ ಕೂರಿಸಬೇಡಿ.

ನಾನೂ ಕೈಹಾಕಬಹುದಾ?

ಧಾರಾಳವಾಗಿ. ಮೆಕ್ಯಾನಿಕ್ ಒಪ್ಪಿ, ಎದುರಿಗಿದ್ದು ನೋಡಿಕೊಂಡರೆ ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದು ನೀವು ಮಾಡಬಹುದು. ಇದನ್ನು ಓನರ್ ಅಸಿಸ್ಟೆಡ್ ಆನ್ಯುವಲ್ ಅನ್ನುತ್ತಾರೆ. ಇದಲ್ಲದೆ ಪ್ರೈವೇಟ್ ಪೈಲಟ್ ಆಗಿರುವ ಮಾಲೀಕರು ವರ್ಷದ ಯಾವ ದಿನವಾದರೂ ತಾವೇ ಮಾಡಿ ಸಹಿ ಹಾಕಬಹುದಾದ ಕೆಲಸಗಳ ಪಟ್ಟಿ ಭಾಗ 43ರ ಅನುಬಂಧ ಎಯಲ್ಲಿದೆ. ಆಯಿಲ್ ಬದಲಿಸುವುದು, ಟೈರ್ ತೆಗೆದು ಹಾಕುವುದು, ಸ್ಪಾರ್ಕ್ ಪ್ಲಗ್ ಶುಚಿಮಾಡುವುದು, ಬ್ಯಾಟರಿ ಬದಲಿಸುವುದು ಎಲ್ಲ ಅದರಲ್ಲಿವೆ.

ಹಣ ಎಷ್ಟು ಉಳಿಯುತ್ತದೆ ಅನ್ನುವುದು ಎರಡನೇ ಮಾತು. ಆಯಿಲ್ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು, ಲೋಹದ ಚೂರು ಇದೆಯಾ ಅಂತ ನೀವೇ ನೋಡಿದ ದಿನ ನಿಮ್ಮ ಎಂಜಿನ್ ಬಗ್ಗೆ ಯಾವ ಪುಸ್ತಕವೂ ಹೇಳದಷ್ಟು ತಿಳಿಯುತ್ತದೆ.

ಖರ್ಚು?

ಸೆಸ್ನಾ 172ರಂಥ ಸರಳ ವಿಮಾನದ ಬರೀ ತಪಾಸಣೆಗೆ ಸಾವಿರ ಡಾಲರ್‌ಗಿಂತ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಊರಿಂದ ಊರಿಗೆ ತುಂಬಾ ವ್ಯತ್ಯಾಸ ಇದೆ. ಮಡಚುವ ಚಕ್ರ ಇದ್ದರೆ ಜ್ಯಾಕ್ ಮೇಲೆ ಎತ್ತಿ ಗೇರ್ ಆಡಿಸಿ ನೋಡಬೇಕು, ಅದಕ್ಕೆ ಇನ್ನಷ್ಟು. ನಿಜವಾದ ಖರ್ಚು ಸಿಕ್ಕಿದ ದೋಷಗಳದ್ದು, ಅದನ್ನು ಮೊದಲೇ ಯಾರೂ ಹೇಳಲಾರರು. ವಿಮಾನ ಕೊಂಡ ಮೊದಲ ಆನ್ಯುವಲ್ ಸಾಮಾನ್ಯವಾಗಿ ದುಬಾರಿ. ಹಿಂದಿನವರು ಮುಂದೂಡಿದ್ದೆಲ್ಲ ಅವತ್ತು ಹೊರಬರುತ್ತದೆ. ಪಾಲುದಾರರಿದ್ದರೆ ಹಾರಿದ ಪ್ರತಿ ಗಂಟೆಗೆ ಇಷ್ಟು ಅಂತ ಎತ್ತಿಡಿ.

ಇಎಲ್‌ಟಿ, ಟ್ರಾನ್ಸ್‌ಪಾಂಡರ್ ಎಲ್ಲ ಇದರಲ್ಲೇ ಮುಗಿಯುತ್ತಾ?

ಇಎಲ್‌ಟಿ ಪರೀಕ್ಷೆಗೂ 12 ತಿಂಗಳ ಗಡುವು ಇರುವುದರಿಂದ ಜೊತೆಗೇ ಮಾಡುತ್ತಾರೆ. ಅದರ ಬ್ಯಾಟರಿಯನ್ನು ಒಟ್ಟು ಒಂದು ಗಂಟೆ ಬಳಸಿದ ಮೇಲೆ, ಅಥವಾ ಅರ್ಧ ಆಯಸ್ಸು ಮುಗಿದ ಮೇಲೆ ಬದಲಿಸಬೇಕು. ನಿಮ್ಮದು 121.5 ಮೆಗಾಹರ್ಟ್ಸ್‌ನ ಹಳೆಯದಾದರೆ ಒಂದು ವಿಷಯ ತಿಳಿದಿರಲಿ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ಸಂಕೇತವನ್ನು ಕೇಳುವುದನ್ನೇ ನಿಲ್ಲಿಸಿವೆ. 406ರದ್ದು ಹಾಕಿಸಿಕೊಳ್ಳಿ.

ರೇಡಾರ್‌ಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರ್‌ನ ಪರೀಕ್ಷೆ 24 ತಿಂಗಳಿಗೊಮ್ಮೆ. ಐಎಫ್‌ಆರ್, ಅಂದರೆ ಉಪಕರಣಗಳನ್ನು ನಂಬಿ ಹಾರುವವರಿಗೆ ಎತ್ತರ ಅಳೆಯುವ ಆಲ್ಟಿಮೀಟರ್ ಮತ್ತು ಅದಕ್ಕೆ ಹೊರಗಿನ ಗಾಳಿಯ ಒತ್ತಡ ತಲುಪಿಸುವ ಸ್ಟ್ಯಾಟಿಕ್ ವ್ಯವಸ್ಥೆಯ ಪರೀಕ್ಷೆಯೂ 24 ತಿಂಗಳಿಗೊಮ್ಮೆ. ಇವು ಆನ್ಯುವಲ್‌ನ ಭಾಗ ಅಲ್ಲ, ಬೇರೆಯಾಗಿ ಕೇಳಿ ಮಾಡಿಸಬೇಕು.

ಲಾಗ್‌ಬುಕ್‌ನಲ್ಲಿ ಏನಿದೆ ಅಂತ ನೋಡಿಕೊಳ್ಳಬೇಕು?

ಯಾವ ತಪಾಸಣೆ, ತಾರೀಕು, ವಿಮಾನದ ಒಟ್ಟು ಗಂಟೆ, ಯೋಗ್ಯವೆಂದು ಘೋಷಿಸುವ ವಾಕ್ಯ, ಸಹಿ, ಲೈಸೆನ್ಸ್ ಸಂಖ್ಯೆ ಮತ್ತು ಅದರ ಬಗೆ. ವಿಮಾನ ಹ್ಯಾಂಗರ್‌ನಿಂದ ಹೊರಡುವ ಮೊದಲೇ ಓದಿ. ಎಡಿ ಪಟ್ಟಿ ಹೊಸದಾಗಿ ಬರೆದುಕೊಟ್ಟಿದ್ದಾರಾ ನೋಡಿ. ಮನೆಗೆ ಬಂದ ಮೇಲೆ ಪ್ರತಿ ಪುಟದ ಫೋಟೋ ತೆಗೆದು ಎರಡು ಕಡೆ ಇಡಿ. ಲಾಗ್‌ಬುಕ್ ಕಳೆದುಹೋದ ವಿಮಾನಕ್ಕೆ ಮಾರುವಾಗ ಬೆಲೆ ಇಳಿಯುತ್ತದೆ.

ಮಾರುವವರು 'ಹೊಸ ಆನ್ಯುವಲ್ ಇದೆ' ಅನ್ನುತ್ತಿದ್ದಾರೆ. ಸುಮ್ನೆ ಕೊಂಡುಕೊಳ್ಳಲಾ?

ಬೇಡ. ಅದು ಮಾರುವವರ ಮೆಕ್ಯಾನಿಕ್ ನೋಡಿದ್ದು. ಆ ವಿಮಾನಕ್ಕೆ ಹಿಂದೆ ಯಾವತ್ತೂ ಕೈಹಾಕದ ಬೇರೆ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ನೋಡಿಸಿ.

ನಾನು ವರ್ಷಕ್ಕೆ ಹತ್ತು ಗಂಟೆಯೂ ಹಾರಲ್ಲ. ಆದರೂ ಬೇಕಾ?

ಬೇಕು, ಇನ್ನೂ ಎಚ್ಚರಿಕೆಯಿಂದ ಬೇಕು. ನಿಂತ ವಿಮಾನ ಹಾರುವ ವಿಮಾನಕ್ಕಿಂತ ಬೇಗ ಹಾಳಾಗುತ್ತದೆ. ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲಿದೆ. ತಿಂಗಳುಗಟ್ಟಲೆ ನಿಂತರೆ ಆಯಿಲ್ ಎಲ್ಲ ಕೆಳಗಿಳಿದು ಕ್ಯಾಮ್ ಒಣಗುತ್ತದೆ, ತೇವ ತಗುಲಿ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಮೇಲೆ ಎಂಜಿನ್ ಓಡಿದಾಗ ಕ್ಯಾಮ್ ಸವೆದು ಆಯಿಲ್‌ನಲ್ಲಿ ಲೋಹ ಬರುತ್ತದೆ. ಅದಕ್ಕೇ ಕಂಪನಿ ಆಯಿಲ್ ಬದಲಾವಣೆಗೆ ಗಂಟೆಯ ಜೊತೆ ತಿಂಗಳನ್ನೂ ಹೇಳುವುದು. ಫಿಲ್ಟರ್ ಇದ್ದರೆ 50 ಗಂಟೆ ಅಥವಾ ನಾಲ್ಕು ತಿಂಗಳು, ಯಾವುದು ಮೊದಲೋ ಅದು. ನೆಲದ ಮೇಲೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ತೇವ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಹಾರಿಸಿ, ಇಲ್ಲವೇ ಮುಟ್ಟಬೇಡಿ.

ಮನೆಯಲ್ಲೇ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವಿಮಾನಕ್ಕೆ?

ಅದಕ್ಕೆ ಆನ್ಯುವಲ್ ಬದಲು ವರ್ಷಕ್ಕೊಮ್ಮೆ ಕಂಡಿಷನ್ ಇನ್‌ಸ್ಪೆಕ್ಷನ್. ಐಎ ಬೇಕಿಲ್ಲ. ಎ ಅಂಡ್ ಪಿ ಸಾಕು, ಅಥವಾ ಆ ವಿಮಾನದ ರಿಪೇರ್‌ಮನ್ ಸರ್ಟಿಫಿಕೇಟ್ ಪಡೆದ, ಅದನ್ನು ಕಟ್ಟಿದವರೇ ಮಾಡಬಹುದು.

ಊರಿಗೆ ವಾಪಸ್ ಬಂದು ಬೆಂಗಳೂರಲ್ಲಿ ವಿಮಾನ ಇಟ್ಟುಕೊಂಡರೆ ಇದೇ ನಿಯಮವಾ?

ಬೇರೆ. ಭಾರತದಲ್ಲಿ ಇದನ್ನು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನೋಡಿಕೊಳ್ಳುತ್ತದೆ. ವಿಟಿ ನೋಂದಣಿಯ, ಅಂದರೆ ಭಾರತದಲ್ಲಿ ನೋಂದಾಯಿಸಿದ ವಿಮಾನಕ್ಕೆ ಒಂದು ವರ್ಷ ಬಾಳುವ ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್ ಬೇಕು. ಅದಕ್ಕಾಗಿ ದಾಖಲೆ ಮತ್ತು ವಿಮಾನ ಎರಡನ್ನೂ ಪರಿಶೀಲಿಸುತ್ತಾರೆ. ಕೆಲಸ ಲೈಸೆನ್ಸ್ ಇರುವ ಎಎಂಇಗಳು (ವಿಮಾನ ನಿರ್ವಹಣಾ ಎಂಜಿನಿಯರ್‌ಗಳು) ಮತ್ತು ಅನುಮೋದಿತ ಸಂಸ್ಥೆಗಳ ಮೂಲಕ ನಡೆಯುತ್ತದೆ. ಅಮೆರಿಕದ ಹಾಗೆ ಒಬ್ಬ ಐಎ ತಮ್ಮ ಟ್ರಕ್‌ನಲ್ಲಿ ಟೂಲ್ ಬಾಕ್ಸ್ ಹಾಕಿಕೊಂಡು ನಿಮ್ಮ ಹ್ಯಾಂಗರ್‌ಗೆ ಬಂದು ಮುಗಿಸಿಕೊಡುವ ಪದ್ಧತಿ ಅಲ್ಲಿಲ್ಲ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಸಣ್ಣ ವಿಮಾನ ನಡೆಸುವವರನ್ನು ಮೊದಲು ಮಾತಾಡಿಸಿ, ಆಮೇಲೆ ಕೊಳ್ಳುವ ಯೋಚನೆ ಮಾಡಿ.

ಆನ್ಯುವಲ್ ಮುಗಿಯಿತು. ಶನಿವಾರ ಮನೆಯವರನ್ನೆಲ್ಲ ಕರೆದುಕೊಂಡು ಹೋಗಬಹುದಾ?

ಮೊದಲು ಒಬ್ಬರೇ ಹೋಗಿ. ಹಾರಾಟದ ಗುಣ ಬದಲಾಗುವಂಥ ಕೆಲಸ ಆಗಿದ್ದರೆ, ಪೈಲಟ್ ಒಬ್ಬರು ಹಾರಿಸಿ ನೋಡಿ ಬರೆಯುವವರೆಗೆ ಪ್ರಯಾಣಿಕರನ್ನು ಕೂರಿಸಬಾರದು ಅಂತ 91.407 ನಿಯಮವೇ ಹೇಳುತ್ತದೆ. ಅಂಥ ಕೆಲಸ ಆಗಿಲ್ಲದಿದ್ದರೂ ನಾನು ಹೀಗೇ ಮಾಡಿ ಅನ್ನುತ್ತೇನೆ. ಬಿಚ್ಚಿ ಜೋಡಿಸಿದ ಯಾವ ಯಂತ್ರದಲ್ಲೂ ಜೋಡಿಸುವಾಗ ತಪ್ಪು ನುಸುಳಬಹುದು.

ಪ್ರೀ-ಫ್ಲೈಟ್‌ಗೆ ಮಾಮೂಲಿಗಿಂತ ಎರಡು ಪಟ್ಟು ಸಮಯ ಕೊಡಿ. ಕಂಟ್ರೋಲ್‌ಗಳು ಆಡುತ್ತವೆ ಅಂತ ನೋಡಿದರೆ ಸಾಲದು, ಸರಿಯಾದ ದಿಕ್ಕಿಗೆ ಆಡುತ್ತವಾ ನೋಡಿ. ಯೋಕನ್ನು ಬಲಕ್ಕೆ ತಿರುಗಿಸಿದರೆ ಬಲರೆಕ್ಕೆಯ ಹಿಂಬದಿಯ ಆಡುವ ಪಟ್ಟಿಯಾದ ಏಲರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಕೇಬಲ್ ಬದಲಿಸಿದಾಗ ಉಲ್ಟಾ ಜೋಡಿಸಿ, ಟೇಕಾಫ್‌ನಲ್ಲೇ ಬಿದ್ದ ವಿಮಾನಗಳಿವೆ. ಯೋಕ್ ಮೇಲಿನ ಒತ್ತಡ ಕಡಿಮೆ ಮಾಡುವ ಟ್ರಿಮ್ ಕೂಡ ಹೀಗೇ ಪರೀಕ್ಷಿಸಿ. ಪ್ರತಿ ಇನ್‌ಸ್ಪೆಕ್ಷನ್ ಪ್ಲೇಟಿನ ಎಲ್ಲ ಸ್ಕ್ರೂ ಇವೆಯಾ ಎಣಿಸಿ. ಆಯಿಲ್ ಮುಚ್ಚಳ, ಫ್ಯುಯಲ್ ಮುಚ್ಚಳ ಕೈಯಲ್ಲಿ ತಿರುಗಿಸಿ ನೋಡಿ. ಕೌಲಿಂಗ್ ಒಳಗೆ ಟಾರ್ಚ್ ಹಾಕಿ, ಮರೆತುಬಿಟ್ಟ ಸ್ಪ್ಯಾನರ್, ಬಟ್ಟೆ ಏನಾದರೂ ಇದೆಯಾ ಹುಡುಕಿ. ಸೀಟಿನ ಮೇಲೆ ಕೂತು ಹಿಂದಕ್ಕೆ ಜೋರಾಗಿ ತಳ್ಳಿ, ಪಿನ್ ಕೂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಹಗಲಲ್ಲಿ, ಮೋಡ ಇಲ್ಲದ ದಿನ ಹಾರಿ. ಏರ್‌ಪೋರ್ಟ್ ಮೇಲೇ ಎತ್ತರಕ್ಕೆ ಏರಿ ಅರ್ಧ ಗಂಟೆ ಸುತ್ತಿ. ಎಂಜಿನ್ ನಿಂತರೂ ರನ್‌ವೇಗೆ ಜಾರಿಕೊಂಡು ಬರುವಷ್ಟು ಹತ್ತಿರ ಇರಿ. ಆಯಿಲ್ ಪ್ರೆಷರ್, ಸಿಲಿಂಡರ್ ತಾಪ ಬರೆದುಕೊಳ್ಳಿ. ಇಳಿದ ಕೂಡಲೇ ಕೌಲಿಂಗ್ ತೆಗೆಯಿರಿ. ಫಿಲ್ಟರ್ ಸುತ್ತ, ಹೋಸ್‌ಗಳ ತುದಿಯಲ್ಲಿ, ಕೈಹಾಕಿದ ಪ್ರತಿ ಜಾಗದಲ್ಲಿ ಒದ್ದೆ ಇದೆಯಾ ನೋಡಿ. ಒಂದು ಹನಿ ಕಂಡರೂ ಅವತ್ತೇ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಎಲ್ಲೆಲ್ಲಿ ಏನು ಬಿಚ್ಚಿದ್ದೆವು ಅನ್ನುವುದು ಅವರಿಗೆ ಇನ್ನೂ ನೆನಪಿರುತ್ತದೆ.